ಎರಡನೇ ಕೋಟು

ಡೊಂಬಿವಲಿಯ ನಾಕಾದಲ್ಲಿ ಬೆಳಿಗ್ಗೆ ಎಂಟಕ್ಕೆ
ಬ್ರಶ್ಶು ಹಿಡಿದು ನಿಂತ ಹದಿನಾರು ಜನರಲ್ಲಿ
ಉಗುರು ನೋಡಿ ಆರಿಸಿದೆ ಇವನನ್ನು.
ಉಗುರಿನಂಚಿಗೆ ಮೂರು ಮನೆಗಳ ಬಣ್ಣವಿತ್ತು.
ನಾಮ್ ಕ್ಯಾ, ಅಂದೆ. ರಾಜು, ಅಂದ.
ಈ ಊರಿನಲ್ಲಿ ಬಣ್ಣದವರೆಲ್ಲ ರಾಜು.

ದಿನಕ್ಕೆ ಒಂಬೈನೂರು, ಎರಡು ಹೊತ್ತು ಚಹಾ,
ಪುಟ್ಟಿ ಉಜ್ಜಿ, ಪ್ರೈಮರು ಬಳಿದು, ಮೇಲೆ ಎರಡು ಕೋಟು,
ಚೌತಿಗೆ ಮೊದಲು ಮುಗಿಯಬೇಕು:
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದು
ಸಹಿ ಹಾಕಿಸಿಕೊಂಡೆ. ಯಾವ ಲಿಪಿಯೆಂದು
ತಿಳಿಯದ ಒಂದು ಗೀಟು.

ಬಣ್ಣ ಆರಿಸಿದ್ದು ಹೆಂಡತಿ.
ಅವಳ ಹೆಸರು ಗುಲಾಬಿ. ಗುಲಾಬಿ ಬೇಡವೆಂದಳು.
ಶೇಡ್ ಕಾರ್ಡನ್ನು ಕಿಟಕಿಗೆ ಹಿಡಿದು, ಟ್ಯೂಬ್‌ಲೈಟಿಗೆ ಹಿಡಿದು,
ಕೊನೆಗೆ ತನ್ನ ಮೊಣಕೈಗೆ ಹಿಡಿದು
'ನಿನ್ನೆಯ ಮಜ್ಜಿಗೆಯ ಬಣ್ಣ' ಅಂದಳು.
ಅಂಗಡಿಯವ ಅದಕ್ಕೂ ಒಂದು ನಂಬರು ಹುಡುಕಿಕೊಟ್ಟ.

ಆಮೇಲೆ ನಾನು ಕುರ್ಚಿ ಹಾಕಿ ಕೂತೆ.
ಪರೇಲಿನ ಹೋಟೆಲಿನ ಗಲ್ಲಾದಲ್ಲಿ
ಮೂವತ್ತೊಂದು ವರ್ಷ ಕೂತವನಿಗೆ
ಕೂತು ನೋಡುವುದು ಗೊತ್ತು:
ಯಾವ ಟೇಬಲಿನ ವಡೆ ಬಿಲ್ಲಿಗೆ ಬಂದಿಲ್ಲ,
ಯಾವ ಹುಡುಗನ ಕಿಸೆ ಇವತ್ತು ಭಾರ.
ಡಬ್ಬಿಗೆ ನೀರು ಸುರಿದಾಗೆಲ್ಲ ಕೆಮ್ಮಿದೆ.
ಲೀಟರಿಗೆ ಇಷ್ಟೇ ಎಂದು ಡಬ್ಬಿಯ ಮೇಲಿದ್ದುದನ್ನು
ಕನ್ನಡಕ ಏರಿಸಿ ಓದಿ ಹೇಳಿದೆ.
ಗೋಡೆಗೆ ಟಾರ್ಚು ಒರಗಿಸಿ ಓರೆ ಬೆಳಕಿನಲ್ಲಿ
ಉಬ್ಬುತಗ್ಗು ಹುಡುಕಿದೆ. ಖಾಲಿ ಡಬ್ಬಿ ಎಣಿಸಿದೆ.
ಜೀ ಸೇಠ್, ಅಂದ ಅವನು, ಪ್ರತಿ ಸಲವೂ.

ಮೂರನೆಯ ಮಧ್ಯಾಹ್ನ, ಏಣಿಯ ತುದಿಯಲ್ಲಿ,
ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿ:
'ಯವ್ವಾ, ನಾ ಮರೆಪ್ಪ ಮಾತಾಡ್ಲಾಕತ್ತೀನಿ.
ಇಲ್ಲೇ, ಒಬ್ಬ ಮುದುಕನ ಮನ್ಯಾಗ.
ಭಾಳ ಶಾಣ್ಯಾ ಅದಾನ. ನೀರು ಹಾಕಿದ್ರ ಕೆಮ್ತಾನ.
ಗ್ವಾಡಿಗಿ ಬ್ಯಾಟ್ರಿ ಬಿಡ್ತಾನ,
ಒಳಗ ಕಳ್ಳ ಹೊಕ್ಕಾನೇನೋ ಅನ್ನಂಗ.
ಮುದುಕಿ ಚಲೋ ಅದಾಳ. ಚಾದಾಗ ಶುಂಠಿ ಹಾಕ್ತಾಳ.'

ನಾವಿಬ್ಬರೂ ಮನೆಯಲ್ಲಿ ಆಡುವುದು ತುಳು.
ಬಾಗಿಲಿನ ಹೆಸರಿನ ಹಲಗೆಯನ್ನು ನಾನೇ ಮೊದಲೇ ಬಿಚ್ಚಿ
ಪೇಪರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ.
ಅವನಿಗಾದರೂ ತಿಳಿಯುವುದು ಹೇಗೆ?
ನಗು ಬಂತು.
ಆಮೇಲೆ ನಿಂತಿತು.

ಮಧ್ಯಾಹ್ನ ಎರಡರ ಮೇಲೆ ಸಾಂಬಾರಿಗೆ
ಎರಡು ಬಿಂದಿಗೆ ಬಿಸಿನೀರು ಹೊಯ್ಯಿಸುತ್ತಿದ್ದವನು ನಾನೇ.
ಶೆಟ್ಟರು ಹೇಳಿದ್ದಲ್ಲ; ನನ್ನದೇ ಬುದ್ಧಿ.
ಎದುರಿನ ಆಸ್ಪತ್ರೆಯಲ್ಲಿ ರೋಗಿಗಳ ಕಾಯುತ್ತಿದ್ದವರು
ಆ ಹೊತ್ತಿಗೇ ಉಣ್ಣಲು ಬರುತ್ತಿದ್ದರು,
ಏನಿತ್ತೋ ಅದನ್ನು ಅನ್ನಕ್ಕೆ ಸುರಿದುಕೊಂಡು ಏಳುತ್ತಿದ್ದರು.
ಒಬ್ಬ ಮಾತ್ರ ಒಮ್ಮೆ
ಬಟ್ಟಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ.
ನನ್ನ ಕಡೆ ನೋಡಿದ. ನಾನು ಚಿಲ್ಲರೆ ಎಣಿಸಿದೆ.

ಮರುದಿನದಿಂದ ಕೆಮ್ಮಲಿಲ್ಲ.
ಕುರ್ಚಿಯನ್ನು ಮಲಗುವ ಕೋಣೆಗೆ ಎಳೆದುಕೊಂಡೆ,
ಅಲ್ಲಿ ಕೂತು ನೋಡುವಂಥದು ಏನೂ ಇರಲಿಲ್ಲ.
ಎರಡನೇ ಕೋಟಿಗೆ ಅವನು ಹಾಕಿದ ನೀರೆಷ್ಟು,
ನನಗೆ ಗೊತ್ತಿಲ್ಲ. ಹಾಲಿನ ಗೋಡೆ ಚೆನ್ನಾಗಿದೆ.
ಸ್ವಿಚ್ ಬೋರ್ಡಿನ ಕೆಳಗೆ ಒಂದು ಇಳಿದ ಹನಿ,
ಗುಲಾಬಿ ಇನ್ನೂ ಕಂಡಿಲ್ಲ.

ಕೊನೆಯ ಸಂಜೆ ಹಲಗೆಯನ್ನು ಅವನ ಕೈಗೆ ಕೊಟ್ಟೆ,
ಜೊತೆಗೆ ಎರಡು ಸ್ಕ್ರೂ.
ಪೇಪರು ಬಿಚ್ಚಿದ. ತುಟಿ ಅಲುಗಿತು:
ಶೀ ನ ದೇ ವಾ ಡಿ ಗ.
ಇಂಗ್ಲಿಷಿನ ಸಾಲಲ್ಲ, ಅದರ ಕೆಳಗಿನದು.

'ಎಲ್ಲಾ ಕೇಳಿಸೇದೇನ್ರಿ ನಿಮಗ?'
ಹಲಗೆಯಿಂದ ಕಣ್ಣೆತ್ತದೆ ಕೇಳಿದ.
'ಶುಂಠಿಯದು ಕೇಳಿಸಿತು' ಅಂದೆ.

ಒಂದು ಸ್ಕ್ರೂ ಅವನ ಬೆರಳಿನಿಂದ ಜಾರಿತು.
ಮಜ್ಜಿಗೆಯ ಹನಿಗಳು ಒಣಗಿದ ನೆಲದ ಮೇಲೆ
ಇಬ್ಬರೂ ಮಂಡಿಯೂರಿ ತಡಕಾಡಿದೆವು.
ಟಾರ್ಚು ತಂದೆ.
'ಹಂಗಲ್ರಿ' ಅಂದ ಮರೆಪ್ಪ,
'ವಾರೆ ಹಿಡೀರಿ. ಕಾಣ್ತದ.'